ಅರ್ಧ ಕವಳಿಗೆ

ಚಿಕ್ಕ ಗಡಿಯಾರದ ಹಿಂದಿನ ಓಣಿಯಲ್ಲಿ
ಮೂರಡಿ ಅಗಲದ ನನ್ನ ಅಂಗಡಿ.
ಬೀಗದ ಕೈಗೆ ಜೋಡಿ ಕೈ ಮಾಡಿಕೊಡುತ್ತೇನೆ.
ಬೆಳಗಿನಿಂದ ಹಿತ್ತಾಳೆಯ ಕಿರುಚಾಟ,
ಹಲ್ಲು ಚಳಿತುಹೋಗುವ ಕರಕರ.
ಮನೆಗೆ ಹೋದರೂ ಕಿವಿಯೊಳಗೆ
ಯಾರದೋ ಬೀರುವಿನ ಬಾಗಿಲು.

ಎಂಟಕ್ಕೆ ಮಷೀನು ಆರಿಸಿ
ಕೈಗೆ ಸೀಮೆಎಣ್ಣೆ ಉಜ್ಜಿ ತೊಳೆದು
ದೇವರಾಜ ಮಾರ್ಕೆಟ್ಟಿನೊಳಕ್ಕೆ ನುಗ್ಗುತ್ತೇನೆ.
ಕುಂಕುಮದ ಗುಡ್ಡೆಗೆ ಫೋಟೊ ಹಿಡಿಯುವವರ
ಬೆನ್ನು ದಾಟಿ, ಬಾಳೆಗೊನೆ ದಾಟಿ,
ಒದ್ದೆ ಗೋಣಿಯ ಮೇಲೆ ನಿಂಗಾಜಮ್ಮ.
ಮುಂದೆ ವೀಳ್ಯದೆಲೆಯ ಪಿಂಡಿ.

ಎಣಿಸುತ್ತಾಳೆ.
ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾಳೆ.
ಲಾಭ. ಎಲೆಯಿಂದ ಎಲೆ ಬಿಡಿಸಿಕೊಳ್ಳುವ ಸದ್ದು,
ಸದ್ದೂ ಅಲ್ಲ,
ಮಲಗಿದ ಕೂಸು ತುಟಿ ಬಿಟ್ಟಷ್ಟು.
ಎರಡು. ಹೆಬ್ಬೆರಳು ತೊಟ್ಟಿನ ಮೇಲೆ.
ಮೂರು. ಸೆರಗಿನ ತುದಿಯಲ್ಲಿ ಮಣ್ಣು ಒರೆಸಿ
ನಾಲ್ಕು. ಬೆನ್ನಿಗೆ ಬೆನ್ನು ಕೂಡಿಸಿ ಐದು.
ಆರು.
ಆಮೇಲೆ, ಮತ್ತೊಂದು.
ಏಳು ಎಂದರೆ ಗಿರಾಕಿ ಎದ್ದು ಹೋದಾನಂತೆ;
ಅವಳ ಅತ್ತೆ ಕಲಿಸಿದ್ದು.
ಎಂಟು.

ಅಷ್ಟು ಹೊತ್ತಿಗೆ ಶುರುವಾಗಿರುತ್ತದೆ:
ನೆತ್ತಿಯ ಸುಳಿಯಲ್ಲಿ ಯಾರೋ
ಸಾಸಿವೆ ಚೆಲ್ಲಿದ ಹಾಗೆ,
ಒಂದೊಂದೇ ಕಾಳು ಕಿವಿಯ ಹಿಂದೆ ಉರುಳಿ
ಕತ್ತಿನ ಗುಳಿಯಲ್ಲಿ ನಿಂತು, ಯೋಚಿಸಿ,
ಬೆನ್ನುಹುರಿಯ ಮೆಟ್ಟಿಲು ಇಳಿದು
ಜುಂ.

ಏನನ್ನಬೇಕೋ ಇದನ್ನ.
ಜೋಮು ಅಲ್ಲ, ಜೋಮು ಹಿಡಿದ ಕಾಲನ್ನು ಒದರುತ್ತೇವೆ,
ಇದನ್ನು ಒದರಲು ಮನಸ್ಸಿಲ್ಲ.
ಚಳಿಯಲ್ಲ, ಭಯವಲ್ಲ,
ನೀವು ಅಂದುಕೊಂಡದ್ದಂತೂ ಅಲ್ಲವೇ ಅಲ್ಲ.
ನಿಂಗಾಜಮ್ಮನಿಗೆ ಅರವತ್ತೆಂಟು,
ನನಗೆ ಮೊಮ್ಮಗಳಿದ್ದಾಳೆ.

ಮೊದಲ ಸಲ ಆದದ್ದು ಮೂರನೇ ಕ್ಲಾಸಿನಲ್ಲಿ.
ಪಕ್ಕದ ಪಾರ್ಶ್ವನಾಥ ನನ್ನ ಸ್ಲೇಟಿನ ಮೇಲೆ
ಮೆಲ್ಲಗೆ ಬಳಪ ಎಳೆದು ಬಸ್ಸು ಬರೆಯುತ್ತಿದ್ದ.
ಚಕ್ರಕ್ಕೆ ಬರುವಷ್ಟರಲ್ಲಿ ನಾನು ಇಲ್ಲಿರಲಿಲ್ಲ.
ಮೇಷ್ಟ್ರು ಬೆಂಚು ಹತ್ತಿಸಿದರು,
ಆ ಬಸ್ಸಿನಲ್ಲೇ ನಿಂತಿದ್ದೆ.
ಆಮೇಲೆ ಕ್ಷೌರದಂಗಡಿಯಲ್ಲಿ,
ಕತ್ತರಿ ಕೂದಲು ಮುಟ್ಟದೆ ಬರೀ ಗಾಳಿ ಕತ್ತರಿಸುವಾಗ.
ಒಮ್ಮೆ ಜನಗಣತಿಯ ಹುಡುಗಿ
ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ನಂಬರು ಗೀಚಿ
ಮೆತ್ತಗೆ, ಒಟ್ಟು ಎಷ್ಟು ಜನ, ಎಂದಾಗ
ನನ್ನನ್ನು ಸೇರಿಸಲು ಮರೆತೆ.

ಹೆಂಡತಿಗೆ ಹೇಳಿದೆ. ಬೀಪಿ ತೋರಿಸಿ, ಅಂದಳು.

ದಿನಾ ಅರ್ಧ ಕವಳಿಗೆ ಎಲೆ ಕೊಳ್ಳುತ್ತೇನೆ.
ಎಲೆ ಹಾಕುವವರು ನಮ್ಮಲ್ಲಿ ಯಾರೂ ಇಲ್ಲ.
ಫ್ರಿಜ್ಜಿನಲ್ಲಿ ಹಳದಿಯಾಗುತ್ತವೆ,
ಕೆಮ್ಮಿಗೆ ಕಷಾಯವಾಗುತ್ತವೆ, ಕೆಮ್ಮಿಲ್ಲದವರಿಗೂ.
ಎದುರುಮನೆಯ ಹಸು ಈಗ
ನನ್ನ ಚೀಲ ಕಂಡರೆ ಮುಖ ತಿರುಗಿಸುತ್ತದೆ.

ನಿನ್ನೆ ನಿಂಗಾಜಮ್ಮ ದುಡ್ಡು ಮುಟ್ಟಲಿಲ್ಲ.
"ನಿನ್ ಬಾಯಿ ಒಂದಿನಾನೂ ಕೆಂಪಾಗಿದ್ ಕಾಣೆ.
ಎಣ್ಸೋದ ನೋಡಕ್ಕೆ ಬತ್ತೀಯ ತಾನೆ?"
ಬೇರೆಯವರ ಮನೆ ಬೀಗ ತೆಗೆದು ಸಿಕ್ಕಿಬಿದ್ದವನ ಹಾಗೆ ನಿಂತೆ.
ಖಾಲಿ ಬುಟ್ಟಿ ಬೋರಲು ಹಾಕಿ ನನ್ನ ಕಡೆ ನೂಕಿದಳು.
"ಕುಂತ್ಕೊ. ನಂಗೂ ಅಂಗೇಯ.
ಮೊಣಕೈ ಗಂಟ ಇರುವೆ ಹರ್ದಂಗಾಯ್ತದೆ.
ಇಲ್ದಿದ್ರೆ ನಲವತ್ತು ವರ್ಷ
ಈ ಗೋಣಿ ಮೇಲೆ ಯಾರ್ ಕುಂತಿರೋರು?"

ಕಟ್ಟಿಟ್ಟ ಕವಳಿಗೆಯ ಬಾಳೆನಾರು ಬಿಚ್ಚಿ
ಮೊದಲಿನಿಂದ ಎಣಿಸಿದಳು, ಯಾರಿಗೂ ಮಾರಲಿಕ್ಕಲ್ಲ.
ಲಾಭ. ಎರಡು. ಮೂರು.
ದೂರದಲ್ಲಿ ಹಲಗೆ ಬಾಗಿಲು ಕೂಡಿಸುತ್ತಿದ್ದರು.
ಹೂವಿನ ಸಾಲಿನಲ್ಲಿ ಯಾರೋ ಉಳಿದ ಮಾರಿಗೆ
ನೀರು ಚಿಮುಕಿಸುತ್ತಿದ್ದರು.
ನಾಲ್ಕು. ಐದು.
ಇಬ್ಬರೂ ಮಾತಾಡಲಿಲ್ಲ.
ಆರು.
ಕಾವಲಿನವನ ಟಾರ್ಚು ನಮ್ಮ ಮೇಲೆ ಬಿದ್ದು ಹೋಯಿತು.

ಎಲೆ ಹಿಡಿದ ಬೆರಳನ್ನು ಹಾಗೇ ನಿಲ್ಲಿಸಿ
ನಿಂಗಾಜಮ್ಮ ನನ್ನ ಮುಖ ನೋಡಿದಳು.
ಎಂದೂ ಬಾಯಿಗೆ ತಾರದ ಲೆಕ್ಕವನ್ನು
ಎಲೆಗೂ ಕೇಳಿಸದಷ್ಟು ಮೆಲ್ಲಗೆ ಅಂದಳು:
"ಏಳು."

ನಾನು ಏಳುವ ಮೊದಲೇ
ಕತ್ತಿನ ನವಿರೆಲ್ಲ ಎದ್ದು ನಿಂತಿತ್ತು.