ಕಾಲಿನ ಲೆಕ್ಕ

ಗಣಿಯ ಬಾಯಲ್ಲಿ ನನ್ನ ಮೇಜು. ಪಕ್ಕದಲ್ಲೇ
ಹಿಸ್ಪಾನಿಯಾದ ಕೆಂಪು ಹೊಳೆ, ತಾಮ್ರ ತಿಂದ ನೀರು;
ಮೀನಿಲ್ಲ, ಕಪ್ಪೆಯಿಲ್ಲ, ಬಟ್ಟೆ ಒಗೆದರೆ ಬಟ್ಟೆಯಿಲ್ಲ.
ನಾನು ಲೆಕ್ಕದವನು. ಎಣ್ಣೆ, ಹಗ್ಗ, ಜವೆಗೋಧಿ, ಜನ
ಎಲ್ಲ ಒಂದೇ ಮೇಣದ ಹಲಗೆಯ ಮೇಲೆ.

ಕೆಳಗೆ ಕತ್ತಲಲ್ಲಿ ಎಂಟು ಜೋಡಿ ಚಕ್ರ.
ಒಂದು ಎತ್ತಿದ್ದು ಮೇಲಿನದರ ತೊಟ್ಟಿಗೆ,
ಅದು ಎತ್ತಿದ್ದು ಅದರ ಮೇಲಿನದಕ್ಕೆ,
ಹೀಗೆ ಪಾತಾಳದ ನೀರು ಮೆಟ್ಟಿಲು ಹತ್ತಿ ಬರುತ್ತದೆ.
ತುಳಿಯುವವರು ಬರುವುದಿಲ್ಲ.
ದಿನವಿಡೀ ಹತ್ತುತ್ತಾರೆ, ಇದ್ದಲ್ಲೇ ಇರುತ್ತಾರೆ.

ಚಳಿಗಾಲದಲ್ಲಿ ಬಡಗಿ ರೆಬುರ್ರುಸ್ ಬಂದ,
ಕಂಕುಳಲ್ಲಿ ಪೈನ್ ಮರದ ಆಟಿಕೆಯಂಥದು.
ಹೊಳೆಗೊಂದು ಚಕ್ರ, ಚಕ್ರಕ್ಕೆ ತೊಲೆ,
ತೊಲೆಗೆ ತೊಲೆ ಕೊಂಡಿ ಹಾಕಿ ಕೆಳಗಿಳಿಸಿದರೆ
ಹೊಳೆಯೇ ಗಣಿಯ ನೀರೆತ್ತುತ್ತದೆ, ಅಂದ.
ತಂಬಿಗೆ ಬಗ್ಗಿಸಿ ತೋರಿಸಿದ.
ಕಟಕಟ ಆಡಿತು. ತುದಿಯ ಪುಟ್ಟ ಸೌಟು
ನೀರು ಮೊಗೆದು ನನ್ನ ಹಲಗೆಯ ಮೇಲೆ ಚೆಲ್ಲಿತು.
ಮೇಣಕ್ಕೆ ನೀರು ಹತ್ತದು. ಅಂಕಿಗಳು ಹಾಗೇ ಇದ್ದವು.

ಧಣಿ ನನ್ನತ್ತ ತಿರುಗಿದ: ಎಷ್ಟಾಗುತ್ತದೆ?
ಹೇಳಿದೆ.
ಓಕ್ ಮರ ಗುಡ್ಡದಾಚೆಯಿಂದ ಬರಬೇಕು. ಕಂಚಿನ ಅಚ್ಚು.
ಕಟ್ಟಲು ಎರಡು ವರ್ಷ, ಗುತ್ತಿಗೆ ಉಳಿದಿರುವುದು ಮೂರು.
ಉತ್ತರದಲ್ಲಿ ಯುದ್ಧ ಗೆದ್ದಿದ್ದಾರಂತೆ, ಪೇಟೆಯಲ್ಲೀಗ
ಎರಡು ಕಾಲಿಗೆ, ಹೇಸರಗತ್ತೆಯ ಬೆಲೆಯಲ್ಲಿ ಕಾಲು.

'ಮತ್ತೆ, ಇರುವ ಕಾಲುಗಳನ್ನು ಏನು ಮಾಡಲಿ?'
ದನಿಯಲ್ಲಿ ಕ್ರೌರ್ಯವಿರಲಿಲ್ಲ,
ಹೊಸ ಮಡಕೆ ತಂದರೆ ಹಳೆಯದನ್ನು ಎಲ್ಲಿಡಲಿ
ಎಂದು ಕೇಳಿದಂತಿತ್ತು.
ಬಡಗಿ ನನ್ನ ಮುಖ ನೋಡಿದ. ಅವನಿಗೆ ಗೊತ್ತಿತ್ತು,

ಒಂಬತ್ತು ವರ್ಷ ಐದನೆಯ ಚಕ್ರ ತುಳಿದವನು ನಾನು.
ಅಕ್ಷರ ಬರುತ್ತದೆಂದು ಮೇಲೆ ತಂದರು.
ಈಗಲೂ ನಿದ್ದೆಯಲ್ಲಿ ನನ್ನ ಕಾಲು ಆಡುತ್ತವಂತೆ,
ಹೆಂಡತಿ ಮೊಣಕಾಲಿನ ಮೇಲೆ ಕೈಯಿಟ್ಟು ಮಲಗುತ್ತಾಳೆ.
ಆದರೂ ಲೆಕ್ಕ ಲೆಕ್ಕವೇ. ಸುಳ್ಳು ಕೂಡಲು ಬರಲಿಲ್ಲ,
ಅಥವಾ ಹೊಳೆಯದೆ ಹೋಯಿತು.

ಇವತ್ತು ಬೆಳಿಗ್ಗೆ ಐದನೆಯ ಚಕ್ರ ನಿಂತಿತು.
ಅಂಬಾತಾ. ವಯಸ್ಸು ಯಾರೂ ಬರೆದುಕೊಂಡಿರಲಿಲ್ಲ.
ಎರಡು ಕಾಲು ಕಳೆದೆ, ಎರಡು ಕಾಲು ಕೂಡಿದೆ.
ಮಧ್ಯಾಹ್ನದ ಹೊತ್ತಿಗೆ ನೀರು ಬಂತು.

ಹಳೆಯ ಹಲಗೆ ತೆಗೆದು ಮತ್ತೆ ಕೂಡಿ ನೋಡಿದೆ:
ಓಕ್, ಕಂಚು, ಎರಡು ವರ್ಷ. ತಪ್ಪಿಲ್ಲ.
ಬಡಗಿ ಬಿಟ್ಟುಹೋದ ಆಟಿಕೆಯ ಒಂದು ತೊಲೆ
ನನ್ನ ಮೇಜಿನ ಕುಂಟು ಕಾಲಿಗೆ ಒತ್ತಾಗಿದೆ.
ಈಗ ಬರೆಯುವಾಗ ಅಲುಗುವುದಿಲ್ಲ.