ಏಡಿ ಪಾಠ, ಏಳನೆಯ ಸಲ

ಟ್ರೈನಿಂಗ್ ಶಾಲೆಯ ಹಿಂಬದಿಗೆ ನಮ್ಮದೊಂದು ಶಾಲೆ.
ಮಾದರಿ ಶಾಲೆ ಎಂದು ಹಲಗೆ ಇತ್ತು.
ಮಾಸ್ತರರಾಗಲು ಬಂದವರು ನಮ್ಮ ಮೇಲೆ
ಕೈ ಪಳಗಿಸಿಕೊಳ್ಳುತ್ತಿದ್ದರು.
ಕ್ಷೌರ ಕಲಿಯುವವನಿಗೆ ಬೂದುಗುಂಬಳ ಇದ್ದ ಹಾಗೆ
ಕೊಡಿಯಾಲಬೈಲಿನಲ್ಲಿ ನಾವು ಮೂವತ್ತೊಂದು ತಲೆ.

ತಿಂಗಳಿಗೆ ಎಂಟು ರೂಪಾಯಿ ಸ್ಟೈಫಂಡು ಅವರಿಗೆ.
ಗಂಟೆ ಬಾರಿಸಿದ ಮೇಲೆ ಬಂದರೆ ಎರಡಾಣೆ ಕಡಿತ.
ಮುಚ್ಚುಕೋಟು, ಮುಂಡಾಸು, ಕಂಕುಳಲ್ಲಿ ಪಾಠಟಿಪ್ಪಣಿ;
ಬೆಳಿಗ್ಗೆ ಡ್ರಿಲ್ಲು, ಆಮೇಲೆ ಕರಿಹಲಗೆಯ ಮೇಲೆ
ಅ ಎಂಬ ಅಕ್ಷರದ ಹೊಟ್ಟೆ ಎಷ್ಟು ಉಬ್ಬಬೇಕೆಂದು
ಅಂಗಳದಾಚೆಗೂ ಕೇಳುವಂತೆ ಬೈಗಳು.
ಮೀಸೆ ಬಂದವರು ಬೈಸಿಕೊಳ್ಳುವುದನ್ನು ನೋಡಲು
ನಾವು ಬೇಲಿಯ ದಾಸವಾಳದ ಸಂದಿಯಲ್ಲಿ.

ಶುಕ್ರವಾರ ವಿಮರ್ಶೆಯ ಪಾಠ.
ಒಬ್ಬ ಕಲಿಸಬೇಕು, ಇಪ್ಪತ್ತೆಂಟು ಜನ ಗೋಡೆಗೊರಗಿ
ಅವನ ತಪ್ಪು ಬರೆದುಕೊಳ್ಳಬೇಕು.
ಹೆಡ್‌ಮಾಸ್ತರ್ ಸಿಲ್ವಾನುಸ್ ಕೈರನ್ನರು ಸರಪಳಿ ಗಡಿಯಾರ
ಬಿಚ್ಚಿ ಮೇಜಿನ ಮೇಲಿಟ್ಟರೆ ಶುರು.

ಏಡಿಯ ಪಾಠ ಆರು ಸಲ ಆಗಿತ್ತು ನಮಗೆ.
ಅದೇ ಪಟ, ಅದೇ ಬಿದಿರ ಕಡ್ಡಿ.
ಏಡಿಗೆ ಕಾಲೆಷ್ಟು ಎಂದರೆ, ಹತ್ತು ಎನ್ನುವ ಮೊದಲು
ಸ್ವಲ್ಪ ಯೋಚಿಸಿದಂತೆ ಮಾಡಬೇಕು.
ಹಾಗೆ ಮಾಡಲು ವಾಮನ ಬಾಳಿಗರು ನಮಗೆಲ್ಲ
ಒಂದೊಂದು ಪೆಪ್ಪರಮಿಂಟು ಕೊಟ್ಟಿದ್ದರು.
ಅವರಿಗೆ ನೂರರಲ್ಲಿ ಎಪ್ಪತ್ತೆಂಟು.

ಏಳನೆಯವರು ದೇರಣ್ಣ ಮಾಸ್ತರು, ಸಸಿಹಿತ್ಲಿನ ಕಡೆಯವರು;
ಹಾಸ್ಟೆಲಿನಲ್ಲಿ ಅವರ ಬಟ್ಟಲು ಬೇರೆ ಮೂಲೆಯಲ್ಲಿತ್ತಂತೆ.
ಪಟ ತರಲಿಲ್ಲ. ಬಾಯಿಗೆ ಬಾಳೆಲೆ ಕಟ್ಟಿದ ಮಡಕೆ ತಂದರು.
ಒಳಗೆ ಕರಕರ.
ಗೋಡೆಗೊರಗಿದವರಲ್ಲಿ ಕೆಲವರು ಪಂಚೆ ಎತ್ತಿಕೊಂಡರು,
ಹಿಂದೆ ಸರಿಯೋಣವೆಂದರೆ ಗೋಡೆ.
ಪಟದ ಏಡಿಗೆ ಮೈಲಿಗೆ ಇರಲಿಲ್ಲ ನೋಡಿ.

"ಇದು ಏನು?" ಪುಸ್ತಕದ ಕನ್ನಡದಲ್ಲಿ, ನಡುಗುತ್ತ ಕೇಳಿದರು.
ಯೋಚಿಸಿದಂತೆ ಮಾಡಲು ಪುರಸೊತ್ತೆಲ್ಲಿ?
ಎಲೆ ಹರಿದು ಅದು ಮೇಜಿಗೆ, ಮೇಜಿನಿಂದ ನೆಲಕ್ಕೆ.
"ದೆಂಜಿ! ದೆಂಜಿ!"
ನನ್ನ ಬಾಯಿಂದ ತುಳು ಹಾರಿಹೋಯಿತು.
ತುಳುವಿಗೆ ಬೆತ್ತ ಎರಡು, ತಪ್ಪದೆ.
ಕಣ್ಣು ಮುಚ್ಚಿ ಕೈ ಚಾಚಿದೆ.

ಬೀಳಲಿಲ್ಲ. ದೇರಣ್ಣ ಮಾಸ್ತರು ತುಳುವಿನಲ್ಲೇ ಕೇಳಿದರು:
ಬೆಳದಿಂಗಳಿಗೆ ಇದು ಯಾಕೆ ಬಡಕಲಾಗುತ್ತದೆ, ಗೊತ್ತುಂಟಾ ನಿನಗೆ?
ಗೊತ್ತಿತ್ತು. ಬೋಳಾರದ ಕಡವಿನಲ್ಲಿ ಅಪ್ಪ ಹೇಳಿದ್ದು,
ನಾನು ಮುರಿದು ನೋಡಿದ್ದು:
ಹುಣ್ಣಿಮೆಗೆ ಕೊಂಬಿನಲ್ಲಿ ಬರೀ ನೀರು, ಅಮಾವಾಸ್ಯೆಗೆ ಮಾಂಸ.
ಬೆಳಕಿಗೆ ಹೆದರಿ ಮಾಟೆಯಿಂದ ಹೊರಡುವುದಿಲ್ಲ, ಉಪವಾಸ.
ಹೇಳುತ್ತ ಹೇಳುತ್ತ ಕರಿಹಲಗೆಯವರೆಗೆ ಹೋಗಿದ್ದೆ.
ನಾನಂದದ್ದನ್ನು ಅವರು ಕನ್ನಡ ಮಾಡಿ ಬರೆದರು.
ಅ-ದ ಹೊಟ್ಟೆ ಅಷ್ಟೇನೂ ಉಬ್ಬಿರಲಿಲ್ಲ.
"ನಮ್ಮೂರಲ್ಲಿ ಬೇರೆ ಕಾರಣ ಹೇಳುತ್ತಾರೆ.
ಇದು ನನಗೆ ಗೊತ್ತಿರಲಿಲ್ಲ" ಎಂದರು.
ಮಾಸ್ತರೊಬ್ಬರು ಹಾಗೆನ್ನುವುದನ್ನು
ಆಮೇಲೆ ನಾನು ಎಲ್ಲಿಯೂ ಕೇಳಲಿಲ್ಲ.

ವಿಮರ್ಶೆ ಓದಿದರು, ಒಬ್ಬೊಬ್ಬರೇ ಎದ್ದು ನಿಂತು:
ತರಗತಿಗೆ ಬೆನ್ನು ತಿರುಗಿಸಿದ್ದು. ಸೀಮೆಸುಣ್ಣ ಕಿರುಗುಟ್ಟಿದ್ದು.
ವಸ್ತು ಸಕಲ ಜಾತಿಯ ಮಕ್ಕಳಿಗೂ ಯೋಗ್ಯವಲ್ಲದ್ದು.
ತುಳು, ಹನ್ನೊಂದು ವಾಕ್ಯ. ನಾಲ್ಕು ನಿಮಿಷ ಹೆಚ್ಚು.
ಕೈರನ್ನರು ಗಡಿಯಾರಕ್ಕೆ ಕೀಲಿ ಕೊಡುತ್ತ ಕೊನೆಗೆ ಸೇರಿಸಿದರು:
ಶಿಕ್ಷಕನೇ ಕಲಿತದ್ದು.
ಮೂವತ್ತೊಂದು ಅಂಕ. ನಾವೂ ಅಷ್ಟೇ ಜನ,
ತಲೆಗೊಂದು ಎಂದು ಲೆಕ್ಕ ಹಾಕಿದೆ.

ಅವರನ್ನು ಘಟ್ಟದ ಬುಡದ ಯಾವುದೋ ಶಾಲೆಗೆ ಹಾಕಿದರಂತೆ.
ನಾನು ಹಂಚಿನ ಕಾರ್ಖಾನೆಗೆ ಹೋದೆ, ಅಚ್ಚೊತ್ತಲು.

ಏಡಿ ಮಾತ್ರ ಸಿಗಲಿಲ್ಲ.
ಮರುವಾರ ಎಂಟನೆಯ ಸಲ, ಅದೇ ಪಟ;
ಹೊಸ ಮಾಸ್ತರು ಕಡ್ಡಿ ಎತ್ತಿ "ಇದು ಏನು?" ಎಂದಾಗ
ಭೂಪಟದ ಬೀರುವಿನ ಅಡಿಯಿಂದ ನಾತ ಬರತೊಡಗಿತು.
ಇಪ್ಪತ್ತೆಂಟು ಮೂಗು ಅರಳಿದವು.
ಅದನ್ನು ಯಾವ ತಲೆಬರಹದಡಿ ಬರೆಯಬೇಕೆಂದು
ಯಾರಿಗೂ ತಿಳಿಯಲಿಲ್ಲ.
ನಾವು ಮೂವತ್ತೊಂದು ಮಂದಿ, ಪೆಪ್ಪರಮಿಂಟು ಬಾಯಲ್ಲಿ,
ಯೋಚಿಸುತ್ತ ಕೂತೆವು.