ನಿನ್ನೆಗೆ ನಲವತ್ತು ನಿಮಿಷ

ಫಲೆಓಲೊ ನಿಲ್ದಾಣದಲ್ಲಿ ನನ್ನ ಕೆಲಸ ತೂಗುವುದು.
ಪೆಟ್ಟಿಗೆಗಳನ್ನಷ್ಟೇ ಅಲ್ಲ, ಮನುಷ್ಯರನ್ನೂ.
ಹತ್ತೊಂಬತ್ತು ಸೀಟಿನ ವಿಮಾನ;
ಯಾರು ಎಡಕ್ಕೆ, ಯಾರು ಬಲಕ್ಕೆ
ಅವರವರ ಕಿಲೋಗಳೇ ಹೇಳಬೇಕು.
ಚಪ್ಪಲಿ ಬಿಡಿ ತಾಯೀ, ಕೈಚೀಲ ಈಚೆ ಕೊಡಿ,
ಮುಳ್ಳು ನಿಲ್ಲುವ ತನಕ ಅಲುಗಬೇಡಿ.

ಪಾಂಗೊ ಪಾಂಗೊ ಎಷ್ಟು ದೂರ ಅಂತ ಕೇಳುವವರು ಹೊಸಬರು.
ಗೋಡೆಯ ಮೇಲೇ ಬರೆದಿದೆ: ನೂರೈವತ್ತು ಕಿಲೋಮೀಟರ್,
ಗಾಳಿ ಒಪ್ಪಿದರೆ ನಲವತ್ತು ನಿಮಿಷ.
ಕೊಟ್ಟ ಪೆಪ್ಪರ್‌ಮಿಂಟು ಬಾಯಲ್ಲಿ ಕರಗಿ
ಇನ್ನೊಂದು ಕೇಳಲೋ ಬೇಡವೋ ಅನ್ನುವಷ್ಟರಲ್ಲಿ ನೆಲ.
ಆ ಕಡೆ ಅಮೆರಿಕದ ಸಮೋವಾ, ಈ ಕಡೆ ಬರೀ ಸಮೋವಾ,
ಅಜ್ಜಿಯರು ಮಾತ್ರ ಇಬ್ಬರಿಗೂ ಒಬ್ಬರೇ.
ಗೋಡೆಯ ಮೇಲೆ ಬರೆಯದೆ ಬಿಟ್ಟದ್ದು:
ನಡುಗಡಲಲ್ಲಿ ಯಾರೋ ಎಳೆದ ಗೆರೆಯೊಂದಿದೆ,
ಶನಿವಾರ ಹತ್ತಕ್ಕೆ ಇಲ್ಲಿಂದ ಎದ್ದರೆ
ಇಳಿಯುವುದು ಶುಕ್ರವಾರ, ಹತ್ತೂ ನಲವತ್ತಕ್ಕೆ.

ಗೆರೆ ಮೊದಲು ನಮ್ಮ ಆಚೆಗಿತ್ತು.
ನಾನು ಹುಡುಗನಿದ್ದಾಗ ಸರ್ಕಾರ ಅದನ್ನೆತ್ತಿ ಈಚೆಗಿಟ್ಟಿತು.
ಗುರುವಾರ ಮಲಗಿದವರು ಶನಿವಾರ ಎದ್ದೆವು.
ಆ ಶುಕ್ರವಾರ ಸಾಲ ತೀರಿಸಬೇಕಿದ್ದ ಚಿಕ್ಕಪ್ಪ ಮೌಲಾಲೊ
ಇವತ್ತಿಗೂ ಕೈ ಕೊಡವುತ್ತಾನೆ: ದಿನವೇ ಬರಲಿಲ್ಲವಲ್ಲ!

ಪೆನಿತಿಲಾ ಬಂದದ್ದು ಒಂದು ಶನಿವಾರ, ಏಳೂವರೆಗೇ.
ಕಂಕುಳಲ್ಲಿ ಸುರುಳಿ ಸುತ್ತಿದ ಚಾಪೆ,
ಬಟ್ಟೆಯಷ್ಟು ನುಣುಪು, ಅಂಚಿಗೆ ಕೆಂಪು ಗರಿ,
ಮದುವೆಗೂ ಸಾವಿಗೂ ಒಯ್ಯುವಂಥದ್ದು.
ಮುಖ ನೋಡಿದೆ. ಮದುವೆಯಲ್ಲ.
ಆರಕ್ಕೆ ಫೋನು ಬಂತಂತೆ: ತಂಗಿ ಮಾಸೆಲಿನಾ,
ಅಲ್ಲಿಯ ಟ್ಯೂನಾ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ಡಬ್ಬ ತುಂಬಿದವಳು.

"ಮಗಾ, ನಾನು ಇಳಿದಾಗ ಅಲ್ಲಿ ಶುಕ್ರವಾರ ತಾನೇ?"
ಹೌದು.
"ಶುಕ್ರವಾರ ಅವಳಿದ್ದಳಲ್ಲ.
ಹೊತ್ತು ಮುಳುಗುವಾಗ ಅವಳೇ ಫೋನು ಮಾಡಿದ್ದಳು.
ಜೀಗುಜ್ಜೆ ಸುಡುತ್ತಿದ್ದೇನೆ, ಆಮೇಲೆ ಮಾಡೇ,
ಅಂದು ಇಟ್ಟುಬಿಟ್ಟೆ."

ಕೌಂಟರಿನ ಈ ಬದಿ ನಿಂತವನಿಗೆ ಎಲ್ಲ ಗೊತ್ತು.
ಇಲ್ಲಿಯ ಈಗ, ಅಲ್ಲಿಯ ಈಗ, ಎರಡೂ ಒಂದೇ ಈಗ,
ಕರೆಯುವ ಹೆಸರು ಬೇರೆ, ಅಷ್ಟೇ.
ಅದನ್ನೇ ಹೇಳೋಣವೆಂದು ಬಾಯಿ ತೆರೆದೆ.
"ತೊಂಬತ್ತೊಂದು," ಅಂದೆ. "ಚಾಪೆ ಎರಡೂವರೆ.
ಬಲಗಡೆ, ಕಿಟಕಿ."

ಹತ್ತೂ ನಲವತ್ತಕ್ಕೆ ಗಡಿಯಾರ ನೋಡಿದೆ.
ಯಾಕೆ ಅಂತ ಕೇಳಬೇಡಿ.
ಹತ್ತೂ ಮೂವತ್ತೊಂಬತ್ತರ ತನಕ
ಲೆಕ್ಕ ಗೊತ್ತಿದ್ದವನೂ ಕಾದಿದ್ದೆ.

ಸೋಮವಾರ ಅಲ್ಲಿ ಹತ್ತಿ ಮಂಗಳವಾರ ಇಲ್ಲಿ ಇಳಿದಳು.
ಬಂದವರನ್ನು ನಾವು ತೂಗುವುದಿಲ್ಲ.
ಅವಳೇ ಸಾಲು ಮುರಿದು, ಚಪ್ಪಲಿ ಬಿಟ್ಟು,
ತಕ್ಕಡಿಯ ಮೇಲೆ ನಿಂತಳು. ನೋಡು, ಅಂದಳು.
ಚಾಪೆ ಅಲ್ಲೇ ಬಿಟ್ಟು ಬಂದಿದ್ದಳು.

"ನನಗೆ ಎರಡು ಶುಕ್ರವಾರ ಸಿಕ್ಕವು ಮಗಾ.
ಮೊದಲನೆಯದರಲ್ಲಿ ಜೀಗುಜ್ಜೆ ಹೇಗೂ ಸೀದೇಹೋಯಿತು.
ಇನ್ನೊಂದರಲ್ಲಿ ಅವಳ ತಲೆ ತೊಳೆದೆ,
ಮೂರು ಸಲ, ಕೊಬ್ಬರಿ ಎಣ್ಣೆ ಹಚ್ಚಿ.
ಮೀನಿನ ವಾಸನೆ ಹೋಗಲಿಲ್ಲ. ಹೋಗುವುದು ಬೇಡವೆನಿಸಿತು, ನಿಲ್ಲಿಸಿದೆ.
ಬರುವಾಗ ನಿಮ್ಮ ಗೆರೆ ಒಂದು ದಿನ ಇಸಕೊಂಡಿತು.
ಇಸಕೊಳ್ಳಲಿ, ಅದರ ದಿನ ಅದಕ್ಕೆ.
ಯಾವುದು ಅಂತ ಅದು ಕೇಳಲಿಲ್ಲ,
ನಾನೇ ಆರಿಸಿ ಕೊಟ್ಟೆ."

ಯಾವುದು ಅಂತ ನಾನೂ ಕೇಳಲಿಲ್ಲ.
ಮುಳ್ಳು ತೊಂಬತ್ತೊಂದರ ಆಚೆ ಈಚೆ ತುಸು ತೂಗಾಡಿತು.
ಅವಳ ಹಿಂದೆ, ಏನೂ ತಿಳಿಯದ ಯಾರೋ ಇಬ್ಬರು
ಬಗ್ಗಿ ಚಪ್ಪಲಿ ಬಿಚ್ಚುತ್ತಿದ್ದರು.